ನಾಯಿಮರಿ ಮಾರುವವರ ಮಾತು ಎಷ್ಟು ನಿಜ? ದುಡ್ಡು ಕೊಡುವ ಮುಂಚೆ ಪರೀಕ್ಷೆ ಮಾಡುವ ಕ್ರಮ

ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಂದು ಮರಿಯ ಫೋಟೊ ಕಳಿಸಿ, ಕೆಳಗೆ ಮಾರುವವರ ಮೆಸೇಜನ್ನೂ ಅಂಟಿಸಿ, ‘ಇದು ಒರಿಜಿನಲ್ಲಾ? ತಗೋಬಹುದಾ?’ ಅಂತ ಕೇಳುತ್ತೀರಿ. ಮೆಸೇಜ್ ಕೂಡ ಹೆಚ್ಚುಕಮ್ಮಿ ಒಂದೇ ಥರ: ‘ಪ್ಯೂರ್ ಬ್ರೀಡ್, ಡಬಲ್ ಬೋನ್, ಚಾಂಪಿಯನ್ ಲೈನ್, ಫುಲ್ ವ್ಯಾಕ್ಸಿನೇಟೆಡ್, ಹೆಲ್ತ್ ಗ್ಯಾರಂಟಿ, ಇವತ್ತೇ ಟೋಕನ್ ಹಾಕಿ.’ ಫೋಟೊ ನೋಡಿ ಯಾರೂ ಏನೂ ಹೇಳೋಕೆ ಆಗಲ್ಲ. ಆದರೆ ಆ ಮೆಸೇಜಿನ ಒಂದೊಂದು ಮಾತನ್ನೂ ನೀವೇ ಪರೀಕ್ಷೆ ಮಾಡಬಹುದು.

ನಿಜವಾದ ಮಾತಿಗೆ ಒಂದು ಆಧಾರ ಇದ್ದೇ ಇರುತ್ತದೆ. ನೀವು ಕಣ್ಣಾರೆ ನೋಡಬಹುದಾದ ನಾಯಿ, ಬೇರೆಯವರನ್ನು ಕೇಳಿ ಖಚಿತ ಮಾಡಿಕೊಳ್ಳಬಹುದಾದ ನಂಬರ್, ಅಥವಾ ಪಶುವೈದ್ಯರ ಸಹಿ. ಈ ಮೂರರಲ್ಲಿ ಒಂದೂ ಇಲ್ಲದ ಮಾತನ್ನು, ಮಾರುವವರು ಹೇಳಲೇ ಇಲ್ಲ ಅಂದುಕೊಂಡು ಮುಂದೆ ಹೋಗಿ. ಅದಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಶುರು ಮಾಡುವ ಮುಂಚೆ ಎರಡು ವಿಷಯ. ಹತ್ತಿರದ ಒಬ್ಬ ಪಶುವೈದ್ಯರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ. ಮರಿ ತಂದ ದಿನವೇ ತೋರಿಸಬಹುದಾ, ಅವರ ಹತ್ತಿರ ಚಿಪ್ ಸ್ಕ್ಯಾನರ್ (ನಾಯಿಯ ಚರ್ಮದ ಕೆಳಗೆ ಹಾಕಿದ ಗುರುತಿನ ಚಿಪ್ ಓದುವ ಸಾಧನ) ಇದೆಯಾ ಅಂತ ಕೇಳಿ. ಇನ್ನೊಂದು, ಮೊದಲ ಸಲ ಮರಿ ನೋಡೋಕೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಮಗುವಿನ ತೊಡೆ ಮೇಲೆ ಮರಿ ಕೂರಿಸಿದ ಮೇಲೆ ಯಾವ ಪ್ರಶ್ನೆಯೂ ಬಾಯಿಗೆ ಬರುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಹಂತ 1: ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ನಾಯಿ ಬ್ರೀಡಿಂಗ್ ಮತ್ತು ಮಾರಾಟಕ್ಕೆ ಅಂತಲೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ಮಾರಾಟಕ್ಕಾಗಿ ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೋಚಿಪ್ ಹಾಕಿಸಿರಬೇಕು, ಲಸಿಕೆಯ ದಾಖಲೆ ಇರಬೇಕು. ತಾಯಿ ನಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, ವರ್ಷಕ್ಕೆ ಒಂದು ಸಲಕ್ಕಿಂತ ಜಾಸ್ತಿ ಮರಿ ಹಾಕಿಸಬಾರದು, ಅದರ ಇಡೀ ಜೀವಮಾನದಲ್ಲಿ 5 ಸಲ ದಾಟಬಾರದು.

ಹಾಗಾಗಿ ಬೆಲೆ ಕೇಳುವ ಮುಂಚೆ ಇಷ್ಟು ಕೇಳಿ. ನಿಮ್ಮ ನೋಂದಣಿ ನಂಬರ್ ಎಷ್ಟು? ಮರಿ ಹುಟ್ಟಿದ ತಾರೀಕು ಯಾವುದು? ತಾಯಿಗೆ ಎಷ್ಟು ವಯಸ್ಸು, ಇದು ಎಷ್ಟನೇ ಸಲ? ನಾನು ಬಂದು ತಾಯಿ ಜೊತೆಗೇ ಮರಿ ನೋಡಬಹುದಾ?

ಉತ್ತರ ಬರುವ ರೀತಿಯನ್ನೂ ಗಮನಿಸಿ. ಸಾಕಿದವರಿಗೆ ಹುಟ್ಟಿದ ತಾರೀಕು ಬಾಯಲ್ಲೇ ಇರುತ್ತದೆ, ಯಾಕೆಂದರೆ ಆ ರಾತ್ರಿ ಅವರು ನಿದ್ದೆ ಮಾಡಿರುವುದಿಲ್ಲ. ‘ಒಂದು 45 ದಿನ ಆಗಿರಬಹುದು ಸರ್’ ಅನ್ನುವವರು ಮರಿಯನ್ನು ಬೇರೆ ಕಡೆಯಿಂದ ತಂದಿರುವ ಸಾಧ್ಯತೆ ಜಾಸ್ತಿ. ‘ಲ್ಯಾಬ್ ಇದೆ, ಶಿಟ್ಜು ಇದೆ, ಹಸ್ಕಿ ನಾಳೆ ಬರುತ್ತೆ, ನಿಮ್ಮ ಬಜೆಟ್ ಹೇಳಿ’ ಅಂದರೆ ಅವರು ಡೀಲರ್. ‘ನೀವು ಅಷ್ಟು ದೂರ ಯಾಕೆ ಬರ್ತೀರಿ, ಮೆಟ್ರೊ ಸ್ಟೇಷನ್ ಹತ್ತಿರ ತಂದುಕೊಡ್ತೀವಿ’ ಅಂದರೆ ಅಲ್ಲಿಗೇ ಬಿಡಿ. ತೋರಿಸಬಾರದ್ದು ಏನೋ ಇದೆ.

ನಮ್ಮಲ್ಲಿ ನೋಂದಣಿ ಇಲ್ಲದೆ ಮಾರುವವರು ತುಂಬಾ ಜನ ಇದ್ದಾರೆ, ‘ಅದೆಲ್ಲ ಯಾರು ಮಾಡಿಸ್ತಾರೆ’ ಅಂತ ನಿಮಗೇ ಬುದ್ಧಿ ಹೇಳುತ್ತಾರೆ. ನನ್ನ ಸಲಹೆ ಇಷ್ಟೇ: ನಂಬರ್ ಇಲ್ಲದ ಕಡೆ ಕೊಳ್ಳಬೇಡಿ. ಮುಂದೆ ತೊಂದರೆ ಆದರೆ ಆ ವ್ಯಕ್ತಿಯನ್ನು ಹಿಡಿಯೋಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಫೋನಿನಲ್ಲೇ ಸಿಗುವ ಇನ್ನೊಂದು ಮೋಸ ಇದೆ. ‘ನಮಗೆ ಟ್ರಾನ್ಸ್‌ಫರ್ ಆಗಿದೆ, ಮರಿಯನ್ನು ಫ್ರೀ ಕೊಡ್ತೀವಿ, ಕೊರಿಯರ್ ಖರ್ಚು ಮಾತ್ರ ಕಳಿಸಿ.’ ಅದನ್ನು ಕಳಿಸಿದ ಮೇಲೆ ಬುಟ್ಟಿಯ ಡೆಪಾಸಿಟ್, ಆಮೇಲೆ ಇನ್ಶೂರೆನ್ಸ್, ಆಮೇಲೆ ಏರ್‌ಪೋರ್ಟ್ ಶುಲ್ಕ. ಮರಿಯೇ ಇರುವುದಿಲ್ಲ. ಕಳಿಸಿದ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಅದೇ ಮರಿ ಬೇರೆ ದೇಶದ ಪುಟದಲ್ಲೂ ಸಿಗಬಹುದು. ವಿಡಿಯೊ ಕಾಲ್ ಮಾಡಿ, ಮರಿಯ ಪಕ್ಕ ಇವತ್ತಿನ ಪೇಪರ್ ಇಡಿ ಅಂತ ಕೇಳಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.

ಹಂತ 2: ಜಾಹೀರಾತಿನ ಪದಗಳನ್ನು ಬಿಡಿಸಿ ನೋಡಿ

‘ಡಬಲ್ ಬೋನ್’, ‘ಹೆವಿ ಬೋನ್’: ಇದಕ್ಕೆ ಯಾವ ಅಳತೆಯೂ ಇಲ್ಲ. ದಪ್ಪಗಿರುವ ಯಾವ ಮರಿಯೂ ಹಾಗೇ ಕಾಣುತ್ತದೆ, ಹೊಟ್ಟೆಯಲ್ಲಿ ಜಂತುಹುಳು ತುಂಬಿದ ಮರಿಯೂ ಗುಂಡಗೆ ಕಾಣುತ್ತದೆ.

‘ಡಬಲ್ ಕೋಟ್’: ಮೇಲೆ ಒರಟು ಕೂದಲು, ಒಳಗೆ ಮೆತ್ತನೆಯ ಕೂದಲು, ಹೀಗೆ ಎರಡು ಪದರ ಇರುವುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಇದು ಹುಟ್ಟಿನಿಂದಲೇ ಇರುವ ಗುಣ. ಇದಕ್ಕೆ ಎಕ್ಸ್‌ಟ್ರಾ ದುಡ್ಡು ಯಾಕೆ?

‘ಟೀ ಕಪ್’: ಹಾಗಂತ ಒಂದು ತಳಿ ಇಲ್ಲ. ಅತಿ ಸಣ್ಣದಾಗಿ ಹುಟ್ಟಿದ, ಅಥವಾ ಹೊಟ್ಟೆಗೆ ಸರಿಯಾಗಿ ಹಾಕದ, ಅಥವಾ ಇನ್ನೂ ಒಂದು ತಿಂಗಳೂ ತುಂಬದ ಮರಿಗೆ ಈ ಹೆಸರು ಕೊಡುತ್ತಾರೆ. ಇಂಥ ಮರಿಗಳಿಗೆ ಸ್ವಲ್ಪ ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ಜೀವಕ್ಕೇ ಅಪಾಯ ಆಗಬಹುದು.

‘ಚಾಂಪಿಯನ್ ಲೈನ್’: ವಂಶಾವಳಿ ಪತ್ರ ಕೇಳಿ, ಯಾವ ತಲೆಮಾರಿನಲ್ಲಿ ಚಾಂಪಿಯನ್ ಇದೆ ನೋಡಿ. ಮುತ್ತಜ್ಜ ಒಬ್ಬನೇ ಚಾಂಪಿಯನ್ ಆಗಿದ್ದರೆ ನಿಮ್ಮ ಮರಿಗೆ ಅವನಿಂದ ಬಂದದ್ದು ಸುಮಾರು ಎಂಟರಲ್ಲಿ ಒಂದು ಪಾಲು. ಅಪ್ಪನ ಕಡೆ, ಅಮ್ಮನ ಕಡೆ ಒಂದೇ ಹೆಸರು ಪದೇ ಪದೇ ಬಂದರೆ ಹತ್ತಿರದ ಸಂಬಂಧದಲ್ಲೇ ಮರಿ ಹಾಕಿಸಿದ್ದಾರೆ ಅಂತ ಅರ್ಥ. ಅದಕ್ಕೆ ಕಾರಣ ಕೇಳಿ.

‘ನೀಲಿ ಕಣ್ಣಿನ ಹಸ್ಕಿ’: ಸಣ್ಣ ಮರಿಗಳ ಕಣ್ಣು ಯಾವ ಜಾತಿಯದ್ದಾದರೂ ಮೊದಲು ನೀಲಿ ಛಾಯೆಯಲ್ಲೇ ಇರುತ್ತದೆ. ಎರಡು ತಿಂಗಳು ದಾಟುತ್ತಿದ್ದಂತೆ ಬಣ್ಣ ತಿರುಗಬಹುದು. ‘ಇಲ್ಲೇ ಹುಟ್ಟಿದ ಮರಿ, ನಮ್ಮ ಬಿಸಿಲಿಗೆ ಹೊಂದಿಕೊಂಡಿದೆ’ ಅನ್ನುವ ಮಾತೂ ಬರುತ್ತದೆ. ರಾಯಚೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ಹಸ್ಕಿಯ ಕೂದಲು ತೆಳ್ಳಗಾಗುವುದಿಲ್ಲ. ದಯವಿಟ್ಟು ಈ ಒಂದು ಮಾತನ್ನು ನಂಬಬೇಡಿ, ಆ ನಾಯಿ ವರ್ಷಕ್ಕೆ ನಾಲ್ಕು ತಿಂಗಳು ನರಳುತ್ತದೆ.

‘ಅಲರ್ಜಿ ಆಗಲ್ಲ, ಕೂದಲು ಉದುರಲ್ಲ’: ಅಲರ್ಜಿ ತರುವ ವಸ್ತು ನಾಯಿಯ ಎಂಜಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ. ಕೂದಲು ಕಮ್ಮಿ ಉದುರುವ ತಳಿ ಇದೆ, ಅಲರ್ಜಿಯೇ ತರದ ತಳಿ ಇಲ್ಲ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಮೊದಲು ಅಂಥ ನಾಯಿ ಇರುವ ಮನೆಯಲ್ಲಿ ಕೆಲವು ಸಲ ಹೊತ್ತು ಕಳೆದು ನೋಡಲಿ.

‘ಇಂಪೋರ್ಟೆಡ್’: ಹೊರದೇಶದಿಂದ ಬಂದ ನಾಯಿಗೆ ಕ್ವಾರಂಟೈನ್ ಕಚೇರಿಯ ಅನುಮತಿ ಪತ್ರ ಇರುತ್ತದೆ. ಪತ್ರ ತೋರಿಸಲಿ, ಅದರಲ್ಲಿರುವ ಚಿಪ್ ನಂಬರ್ ನಾಯಿಯ ಚಿಪ್‌ಗೆ ಹೊಂದಬೇಕು.

‘ಹೆಣ್ಣು ಮರಿ ತಗೊಳ್ಳಿ, ಮುಂದೆ ಅದರ ಮರಿಗಳನ್ನು ನಾವೇ ವಾಪಸ್ ಕೊಳ್ತೀವಿ’: ಎಲ್ಲಕ್ಕಿಂತ ಕೆಟ್ಟ ಮಾತು ಇದು. ಇವತ್ತು ಜಾಸ್ತಿ ಬೆಲೆ ಕೊಡಿಸೋಕೆ ಎರಡು ವರ್ಷದ ಮುಂದಿನ ಆಸೆ ತೋರಿಸುತ್ತಾರೆ. ಮಾರಾಟಕ್ಕೆ ಮರಿ ಹಾಕಿಸೋಕೆ ಹೊರಟರೆ ಮೇಲೆ ಹೇಳಿದ ನೋಂದಣಿ ನಿಯಮ ನಿಮಗೂ ಅನ್ವಯ ಆಗುತ್ತದೆ, ಅದನ್ನು ಅವರು ಹೇಳುವುದಿಲ್ಲ.

ಮುಧೋಳ ನಾಯಿ ಬೇಕು ಅನ್ನುವವರಿಗೆ ಒಂದು ಮಾತು. ಸೈನ್ಯಕ್ಕೆ ತಗೊಂಡರು ಅನ್ನುವ ಸುದ್ದಿ ಬಂದ ಮೇಲೆ ಸಣಕಲು ಮೈಯ ಎಷ್ಟೋ ಮಿಶ್ರ ಮರಿಗಳು ಈ ಹೆಸರಲ್ಲಿ ಮಾರಾಟ ಆಗುತ್ತಿವೆ. ಎಳೆ ಮರಿ ನೋಡಿ ಗುರುತು ಹಿಡಿಯುವುದು ಕಷ್ಟ, ಹಾಗಾಗಿ ಅಪ್ಪ ಅಮ್ಮ ಇಬ್ಬರನ್ನೂ ನೋಡಿ: ಉದ್ದ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ. ಬಾಗಲಕೋಟೆ ಜಿಲ್ಲೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ. ಕೆಲವು ಪತ್ರಗಳಲ್ಲಿ ಇದೇ ತಳಿಗೆ ‘ಕಾರವಾನ್ ಹೌಂಡ್’ ಅಂತ ಹೆಸರಿರುತ್ತದೆ, ಅದಕ್ಕೆ ಗಾಬರಿ ಬೇಡ.

ಹಂತ 3: ತಾಯಿಯನ್ನು ನೋಡದೆ ಮುಂದೆ ಹೋಗಬೇಡಿ

‘ತಾಯಿ ಊರಲ್ಲಿದೆ’, ‘ಹೊಸಬರನ್ನು ಕಂಡರೆ ಕಚ್ಚುತ್ತೆ’, ‘ಡಾಕ್ಟರ್ ಹತ್ತಿರ ಹೋಗಿದೆ’. ಈ ಮೂರು ಮಾತು ತುಂಬಾ ಕೇಳಿಬರುತ್ತವೆ. ಹಾಗಿದ್ದರೆ ತಾಯಿ ಬಂದ ಮೇಲೆ ನಾವೂ ಬರ್ತೀವಿ ಅಂತ ಹೇಳಿ ಎದ್ದು ಬನ್ನಿ.

ಕೆಲವರು ತಳಿಗೆ ತಕ್ಕ ಯಾವುದೋ ಹೆಣ್ಣು ನಾಯಿಯನ್ನು ತಂದು ‘ಇದೇ ತಾಯಿ’ ಅಂತ ನಿಲ್ಲಿಸುತ್ತಾರೆ. ಅದರ ಹೊಟ್ಟೆ ನೋಡಿ. ಎರಡು ತಿಂಗಳ ಹಿಂದೆ ಮರಿ ಹಾಕಿ ಹಾಲು ಕುಡಿಸಿದ ನಾಯಿಯ ಮೊಲೆಗಳು ಇನ್ನೂ ಜೋತಾಡುತ್ತಿರುತ್ತವೆ, ಮೊಲೆತೊಟ್ಟು ಉದ್ದವಾಗಿ ಎದ್ದು ಕಾಣುತ್ತದೆ, ಸುತ್ತ ಮರಿಗಳ ಉಗುರಿನ ಗೀರು ಇರಬಹುದು, ಮೈಕೂದಲೂ ತೆಳುವಾಗಿರುತ್ತದೆ. ಹೊಟ್ಟೆ ಬಿಗಿಯಾಗಿ, ಕೂದಲು ಹೊಳೆಯುತ್ತಾ ಇದ್ದರೆ ಅನುಮಾನ ಪಡಿ. ಮರಿಗಳನ್ನು ಹತ್ತಿರ ಬಿಡೋಕೆ ಹೇಳಿ. ತಾಯಿಯಾದರೆ ಮರಿಗಳು ಸೀದಾ ಹೊಟ್ಟೆ ಕೆಳಗೆ ನುಗ್ಗುತ್ತವೆ. ತಾಯಿ ಸಾಕಾಗಿ ಗುರ್ ಅನ್ನಬಹುದು, ಆದರೂ ಮೂಸಿ ನೋಡುತ್ತದೆ, ಗುರುತು ಹಿಡಿಯುತ್ತದೆ.

ಗುಣದ ಬಗ್ಗೆ ಕೊಡುವ ಭರವಸೆಗೂ ಇದೇ ಪರೀಕ್ಷೆ. ‘ಮಕ್ಕಳ ಜೊತೆ ಸಾಧು, ಕಳ್ಳರಿಗೆ ಹುಲಿ’ ಅಂತ 8 ವಾರದ ಮರಿ ಬಗ್ಗೆ ಯಾರೂ ಹೇಳಲಾರರು. ತಾಯಿ ಹೇಗಿದೆ ನೋಡಿ. ಮೂಲೆಯಲ್ಲಿ ನಡುಗುತ್ತಾ ಕೂತಿದೆಯಾ? ಮನೆಯವರು ಕೈ ಎತ್ತಿದರೆ ಬೆದರುತ್ತದೆಯಾ? ಪಗ್, ಫ್ರೆಂಚ್ ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ತಳಿಯಾದರೆ ತಾಯಿಯ ಉಸಿರಿನ ಸದ್ದು ಕೇಳಿ. ಸುಮ್ನೆ ಕೂತಿದ್ದಾಗಲೂ ಗೊರಗೊರ ಅನ್ನುತ್ತಿದ್ದರೆ ಅದು ಉಸಿರಾಟದ ತೊಂದರೆ, ‘ಈ ಬ್ರೀಡ್ ಹಾಗೇ’ ಅಂತ ತಳ್ಳಿಹಾಕುವ ವಿಷಯ ಅಲ್ಲ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಕೊಳ್ಳುವವರು ಸೊಂಟದ ಕೀಲಿನ ಬಗ್ಗೆ ಕೇಳಲೇಬೇಕು. ಹಿಪ್ ಡಿಸ್‌ಪ್ಲೇಸಿಯಾ ಅಂದರೆ ಸೊಂಟದ ಕೀಲು ಸರಿಯಾಗಿ ಕೂರದೆ ನಾಯಿ ಕುಂಟುವ ಕಾಯಿಲೆ, ವಂಶದಲ್ಲಿ ಬರುತ್ತದೆ. ಅಪ್ಪ ಅಮ್ಮನ ಎಕ್ಸ್‌ರೇ ವರದಿ ಕೇಳಿ, ಬೆಳವಣಿಗೆ ಮುಗಿದ ಮೇಲೆ ತೆಗೆಸಿದ್ದು. ವರದಿ ಇದ್ದರೆ ಅಪಾಯ ಕಮ್ಮಿ ಅಷ್ಟೇ. ‘ಈ ಮರಿಗೆ ಹಿಪ್ ಪ್ರಾಬ್ಲಮ್ ಬರೋದೇ ಇಲ್ಲ, ಗ್ಯಾರಂಟಿ’ ಅಂದರೆ ಅದು ಸುಳ್ಳು. ಹಾಗೆ ಹೇಳುವ ಶಕ್ತಿ ಯಾವ ಎಕ್ಸ್‌ರೇಗೂ ಇಲ್ಲ.

ಹಂತ 4: ವಯಸ್ಸನ್ನು ಹಲ್ಲಿನಿಂದ ತಿಳಿಯಿರಿ

ಮರಿಯ ತುಟಿ ಮೆಲ್ಲಗೆ ಎತ್ತಿ ನೋಡಿ. 8 ವಾರಕ್ಕೆ 28 ಹಾಲುಹಲ್ಲೂ ಬಂದಿರುತ್ತವೆ, ಮೇಲೆ 14, ಕೆಳಗೆ 14. ತೀರಾ ಸಣ್ಣ ತಳಿಗಳಲ್ಲಿ ಸ್ವಲ್ಪ ತಡ ಆಗಬಹುದು. ಮುಂದಿನ ಹಲ್ಲು ಮಾತ್ರ ಇಣುಕುತ್ತಾ ಹಿಂದೆ ಬರೀ ವಸಡು ಇದ್ದರೆ ‘ಎರಡು ತಿಂಗಳ ಮರಿ’ ಅನ್ನುವ ಮಾತು ನಿಲ್ಲುವುದಿಲ್ಲ.

ಮಾರುವವರಿಗೆ ಯಾಕೆ ಅವಸರ ಅಂದರೆ, ಎಳೆ ಮರಿ ಮುದ್ದಾಗಿ ಕಾಣುತ್ತದೆ, ಅದರ ಊಟ ಮತ್ತು ಲಸಿಕೆಯ ಖರ್ಚು ನಿಮ್ಮ ತಲೆಗೆ ಬರುತ್ತದೆ. ಮರಿಗೆ ಮಾತ್ರ ನಷ್ಟ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುತ್ತಿರುವ, ಲಸಿಕೆಯ ರಕ್ಷಣೆ ಇನ್ನೂ ಸರಿಯಾಗಿ ಬಾರದ ಹೊತ್ತಿನಲ್ಲೇ ಅದು ಊರೂರು ಸುತ್ತುತ್ತದೆ.

ಹಂತ 5: ಲಸಿಕೆ ಕಾರ್ಡನ್ನು ನಿಧಾನವಾಗಿ ಓದಿ

‘ಫುಲ್ ವ್ಯಾಕ್ಸಿನೇಟೆಡ್’ ಅನ್ನುವುದು ಎರಡು ತಿಂಗಳ ಮರಿ ವಿಷಯದಲ್ಲಿ ಆಗದ ಮಾತು. ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಆಮೇಲೆ 3-4 ವಾರಕ್ಕೊಮ್ಮೆ 16 ವಾರದವರೆಗೆ, ರೇಬಿಸ್ ಲಸಿಕೆ ಸಾಮಾನ್ಯವಾಗಿ 3 ತಿಂಗಳಿಗೆ. ಅಂದರೆ ನೀವು ತರುವ ಮರಿಗೆ ಒಂದು ಆಗಿರುತ್ತದೆ, ಜಾಸ್ತಿ ಅಂದರೆ ಎರಡು.

ಕಾರ್ಡಿನಲ್ಲಿ ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಇರಬೇಕು. ಅದರ ಮೇಲೆ ಲಸಿಕೆಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಇರುತ್ತದೆ. ಪಕ್ಕದಲ್ಲಿ ಕೊಟ್ಟ ತಾರೀಕು, ವೈದ್ಯರ ಸಹಿ, ಅವರ ನೋಂದಣಿ ನಂಬರ್ ಇರುವ ಸೀಲು. ಈಗ ಮರಿ ಹುಟ್ಟಿದ ತಾರೀಕಿಗೂ ಲಸಿಕೆಯ ತಾರೀಕಿಗೂ ಲೆಕ್ಕ ಹಾಕಿ. ಹುಟ್ಟಿ ಮೂರು ವಾರಕ್ಕೇ ಪಾರ್ವೊ (ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಲಸಿಕೆ ಕೊಟ್ಟಿದೆ ಅಂತ ಬರೆದಿದ್ದರೆ ಎರಡರಲ್ಲಿ ಒಂದು ತಾರೀಕು ಸುಳ್ಳು. ಎಲ್ಲ ಸಾಲೂ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಬರೆದ ಹಾಗಿದ್ದರೆ, ಸ್ಟಿಕ್ಕರ್ ಇದ್ದು ಸಹಿ ಇಲ್ಲದಿದ್ದರೆ, ಸೀಲಿನ ಮೇಲಿರುವ ಕ್ಲಿನಿಕ್ಕಿಗೆ ಅಲ್ಲೇ ನಿಂತು ಫೋನ್ ಮಾಡಿ. ನಿಜವಾದ ಕಾರ್ಡ್ ಕೊಟ್ಟವರಿಗೆ ಇದರಿಂದ ಬೇಜಾರಾಗುವುದಿಲ್ಲ.

ಹಂತ 6: ಪೇಪರ್ಸ್ ಮತ್ತು ಚಿಪ್

ಕೆಸಿಐ ಅಂದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾ, ಕಚೇರಿ ಚೆನ್ನೈನಲ್ಲಿದೆ. ಅದರ ಪತ್ರ ಮರಿಯ ವಂಶ ಯಾವುದು ಅಂತ ಹೇಳುತ್ತದೆ. ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ‘ಕೆಸಿಐ ಇದೆ, ಅದಕ್ಕೆ ಹೆಲ್ದಿ’ ಅನ್ನುವುದು ಎರಡು ಬೇರೆ ವಿಷಯಗಳನ್ನು ಗಂಟು ಹಾಕುವ ಮಾತು.

ಇಲ್ಲಿ ಜನ ಜಾಸ್ತಿ ಸಿಕ್ಕಿಬೀಳುವುದು ‘ಪೇಪರ್ಸ್ ಆಮೇಲೆ ಕೊರಿಯರ್ ಮಾಡ್ತೀವಿ’ ಅನ್ನುವ ಕಡೆ. ದುಡ್ಡು ಪೂರ್ತಿ ಕೊಟ್ಟಿರುತ್ತೀರಿ, ಪತ್ರ ಬರುವುದಿಲ್ಲ. ಮರಿಗಳ ನೋಂದಣಿಗೆ ಅರ್ಜಿ ಹಾಕಿದ ಪುರಾವೆ, ಅಪ್ಪ ಅಮ್ಮನ ಪತ್ರದ ಪ್ರತಿ ಇವತ್ತೇ ಕೇಳಿ. ಪೇಪರ್ಸ್‌ಗಾಗಿ ಕೇಳಿದ ಜಾಸ್ತಿ ಮೊತ್ತವನ್ನು ಪತ್ರ ಕೈಗೆ ಬಂದ ಮೇಲೆ ಕೊಡ್ತೀವಿ ಅನ್ನಿ. ಒಪ್ಪದಿದ್ದರೆ ಪೇಪರ್ ಇಲ್ಲದ ಮರಿ ಅಂತಲೇ ಬೆಲೆ ಮಾತಾಡಿ. ಪತ್ರ ಇದ್ದರೆ ಅದರ ನಂಬರನ್ನು ಕ್ಲಬ್ಬಿಗೇ ಕಳಿಸಿ ಖಚಿತ ಮಾಡಿಕೊಳ್ಳಿ, ಮಾಲೀಕತ್ವ ನಿಮ್ಮ ಹೆಸರಿಗೆ ಬದಲಾಯಿಸುವ ಅರ್ಜಿಗೆ ಮಾರುವವರ ಸಹಿ ಅವತ್ತೇ ಹಾಕಿಸಿಕೊಳ್ಳಿ.

ಮೈಕ್ರೋಚಿಪ್ ಅಂದರೆ ಭುಜದ ಮಧ್ಯೆ ಚರ್ಮದ ಕೆಳಗೆ ಹಾಕುವ, ಅಕ್ಕಿಕಾಳಿನಷ್ಟು ಚಿಕ್ಕ ಸಾಧನ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ, ಸ್ಕ್ಯಾನರ್ ಹಿಡಿದರೆ ಮಾತ್ರ ಕಾಣುತ್ತದೆ. ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ‘ಚಿಪ್ ಇದೆ, ಕಳೆದುಹೋದರೆ ಮೊಬೈಲ್‌ನಲ್ಲಿ ನೋಡಬಹುದು’ ಅಂತ ಯಾರಾದರೂ ಹೇಳಿದರೆ ಅವರ ಉಳಿದ ಮಾತುಗಳ ಬಗ್ಗೆಯೂ ಯೋಚಿಸಿ. ನಿಮ್ಮೆದುರೇ ಸ್ಕ್ಯಾನ್ ಮಾಡಿಸಿ, ನಂಬರ್ ಪತ್ರದಲ್ಲಿರುವುದಕ್ಕೆ ಹೊಂದುತ್ತದಾ ನೋಡಿ.

ಹಂತ 7: ಗ್ಯಾರಂಟಿ ಬರವಣಿಗೆಯಲ್ಲಿ ಇರಲಿ

‘48 ಗಂಟೆ ಹೆಲ್ತ್ ಗ್ಯಾರಂಟಿ’ ತುಂಬಾ ಕಡೆ ಕೊಡುತ್ತಾರೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಪಾರ್ವೊ ವೈರಸ್ ಒಳಗೆ ಸೇರಿದ ಮೇಲೆ ವಾಂತಿ, ರಕ್ತಭೇದಿ ಶುರುವಾಗೋಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗಕ್ಕೆ ಒಂದೆರಡು ವಾರವೇ ಬೇಕಾಗಬಹುದು. ಅಂದರೆ ಅವರ ಗ್ಯಾರಂಟಿ ಮುಗಿದ ಮೇಲೆ ಕಾಯಿಲೆ ಕಾಣಿಸುತ್ತದೆ, ಆಗ ‘ನೀವು ಏನೋ ತಿನ್ನಿಸಿದ್ದೀರಿ’ ಅನ್ನುತ್ತಾರೆ. ಕನಿಷ್ಠ 14 ದಿನ ಅಂತ ಬರೆಸಿ. ಯಾವ ರೋಗಕ್ಕೆ, ದುಡ್ಡು ವಾಪಸ್ಸಾ, ಚಿಕಿತ್ಸೆ ಖರ್ಚಾ, ಇದೂ ಇರಲಿ. ‘ಬೇರೆ ಮರಿ ಕೊಡ್ತೀವಿ’ ಅನ್ನುವುದಕ್ಕೆ ಒಪ್ಪಬೇಡಿ. ಅದೇ ಜಾಗದಲ್ಲಿ ಸೋಂಕು ಇದ್ದರೆ ಎರಡನೇ ಮರಿಗೂ ಅದೇ ಗತಿ.

ರಸೀದಿಯಲ್ಲಿ ಮಾರುವವರ ಹೆಸರು, ವಿಳಾಸ, ನೋಂದಣಿ ನಂಬರ್, ಮರಿಯ ತಳಿ, ಹುಟ್ಟಿದ ತಾರೀಕು, ಚಿಪ್ ನಂಬರ್, ಕೊಟ್ಟ ಮೊತ್ತ ಎಲ್ಲ ಇರಲಿ. ದುಡ್ಡನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ, ಅವರದೇ ಹೆಸರಿನ ಖಾತೆಗೆ. ‘ಇನ್ನೊಬ್ಬರು ದಾರಿಯಲ್ಲಿದ್ದಾರೆ, ಈಗಲೇ ಟೋಕನ್ ಹಾಕಿ’ ಅಂದರೆ ಆ ಇನ್ನೊಬ್ಬರೇ ತಗೊಳ್ಳಲಿ. ಭರವಸೆಗಳೆಲ್ಲ ಫೋನಿನಲ್ಲಿ ಬಂದಿದ್ದರೆ ಮನೆಗೆ ಬಂದು ಅವನ್ನೇ ವಾಟ್ಸಾಪ್‌ನಲ್ಲಿ ಬರೆದು, ‘ನೀವು ಹೀಗೆ ಹೇಳಿದಿರಿ, ಸರಿ ತಾನೇ?’ ಅಂತ ಕೇಳಿ. ಬರುವ ಉತ್ತರ ನಿಮ್ಮ ದಾಖಲೆ.

ಹಂತ 8: ತಂದ ದಿನ, ಮತ್ತು ಮೋಸ ಆಗಿದ್ದರೆ

ತಂದ ದಿನವೇ ವೈದ್ಯರಿಗೆ ತೋರಿಸಿ, ಅವರ ಮಾತನ್ನು ಬರವಣಿಗೆಯಲ್ಲಿ ತಗೊಳ್ಳಿ. ವಯಸ್ಸಿನ ಅಂದಾಜು, ತೂಕ, ಜಂತುಹುಳು, ಹೃದಯದ ಸದ್ದು, ಹೊಕ್ಕುಳಿನ ಉಬ್ಬು, ಗಂಡಾದರೆ ಎರಡೂ ವೃಷಣ ಇಳಿದಿವೆಯಾ, ಇವನ್ನೆಲ್ಲ ನೋಡೋಕೆ ಹೇಳಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡು ವಾರ ಮರಿಯನ್ನು ಬೇರೆ ಇಡಿ. ಮರಿ ಮಂಕಾಗಿ ಊಟ ಬಿಟ್ಟರೆ ಮಾರುವವರಿಗೆ ಫೋನ್ ಮಾಡುತ್ತಾ ಕೂರಬೇಡಿ. ‘ಜಾಗ ಬದಲಾಗಿದೆ, ಸರಿಹೋಗುತ್ತೆ’ ಅನ್ನುತ್ತಾರೆ, ಅಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ಮೊದಲು ಆಸ್ಪತ್ರೆ. ಪಾರ್ವೊಗೆ ಮಲದ ಕಿಟ್ ಪರೀಕ್ಷೆ ಇದೆ, ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ, ವರದಿ ಇಟ್ಟುಕೊಳ್ಳಿ.

ಮರಿ ಉಳಿಯದೆ ಹೋದರೆ, ಎಷ್ಟೇ ಸಂಕಟ ಇದ್ದರೂ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆ ಮಾಡಿಸಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಬೇರೆ ಕಡೆಯವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಆ ವರದಿ ಇಲ್ಲದಿದ್ದರೆ ಮುಂದಿನ ದೂರು ಬರೀ ಬಾಯಿಮಾತಾಗುತ್ತದೆ.

ದಾಖಲೆ ಇದ್ದರೆ ಮೊದಲು ಮಾರುವವರಿಗೆ ಲಿಖಿತ ನೋಟಿಸ್ ಕೊಡಿ, ಇಷ್ಟು ದಿನದೊಳಗೆ ದುಡ್ಡು ವಾಪಸ್ ಕೊಡಿ ಅಂತ. ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು, ವಕೀಲರು ಇರಲೇಬೇಕು ಅಂತಿಲ್ಲ. ಜೊತೆಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೂ ಬರೆಯಿರಿ. ಅಲ್ಲಿ ಕಂಡ ತಾಯಿ ನಾಯಿಯ ಸ್ಥಿತಿ, ಗೂಡಿನ ಗಲೀಜು, 8 ವಾರ ತುಂಬದ ಮರಿ ಮಾರುತ್ತಿರುವುದು, ಎಲ್ಲವನ್ನೂ ಫೋಟೊ ಸಮೇತ ಕಳಿಸಿ. ನಿಮ್ಮ ದುಡ್ಡು ಬಂದ ಮೇಲೂ ಈ ದೂರನ್ನು ವಾಪಸ್ ತಗೊಳ್ಳಬೇಡಿ. ಆ ತಾಯಿ ಇನ್ನೂ ಅಲ್ಲೇ ಇದೆ.